ಶಾಲೆಯ ಸರಾಸರಿ ಅಂಕವೂ ಅಳತೆಯ ದೋಷವೂ

ಪದವಿ ತರಗತಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ನಮ್ಮ ಪ್ರಯೋಗಶಾಲೆಯಲ್ಲಿ ಮೊದಲು ಕೊಡುವುದು ಸರಳ ಲೋಲಕದ ಪ್ರಯೋಗ. ಒಂದು ದಾರ, ಒಂದು ಗುಂಡು, ಒಂದು ಸ್ಟಾಪ್ ಕ್ಲಾಕು, ಇಷ್ಟೇ ಸಲಕರಣೆ. ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆದು, ಅದರಿಂದ ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯಬೇಕು. ಗಂಟೆ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ತಮ್ಮ ಉತ್ತರಗಳನ್ನು ತಂದು ತೋರಿಸುತ್ತಾರೆ. 9.78436 ಎಂದು ಒಬ್ಬನು, 9.91207 ಎಂದು ಇನ್ನೊಬ್ಬಳು. ದಶಾಂಶದ ಮುಂದೆ ಐದು ಅಂಕೆಗಳಿದ್ದರೆ ಉತ್ತರಕ್ಕೆ ಘನತೆ ಬಂದಿತೆಂದು ಅವರ ಭಾವನೆ. "ಇದರಲ್ಲಿ ಎಷ್ಟನ್ನು ನಂಬಲಿ?" ಎಂದು ನಾನು ಕೇಳುತ್ತೇನೆ. ಗಡಿಯಾರದ ಗುಂಡಿಯನ್ನು ಒತ್ತುವಾಗ ಕೈ ಒಂದು ಕ್ಷಣ ಮುಂದಾಗಿರಬಹುದು ಅಥವಾ ಹಿಂದಾಗಿರಬಹುದು. ದಾರದ ಉದ್ದದಲ್ಲಿ ಒಂದೆರಡು ಮಿಲಿಮೀಟರು ಏರುಪೇರಾಗಿರಬಹುದು. ಅದನ್ನೆಲ್ಲ ಲೆಕ್ಕ ಹಾಕಿ, "9.8, ಹೆಚ್ಚು-ಕಡಮೆ 0.1" ಎಂದು ಬರೆದ ಮೇಲೆಯೇ ಅದು ಅಳತೆಯೆನಿಸುತ್ತದೆ. ಅಲ್ಲಿಯವರೆಗೆ ಅದು ಬರಿಯ ಸಂಖ್ಯೆ.

ಈ ಮಾತನ್ನು ನಾನು ವರ್ಷ ವರ್ಷವೂ ಹೇಳುತ್ತಲೇ ಬಂದಿದ್ದೇನೆ. ಆದರೆ ಪ್ರಯೋಗಶಾಲೆಯ ಬಾಗಿಲಿನಾಚೆ ಇದರಿಂದ ಯಾರಿಗಾದರೂ ಕಣ್ಣೀರು ಬರಬಹುದೆಂದು ನನಗೆ ತಿಳಿದದ್ದು ಕಳೆದ ಬೇಸಗೆಯ ರಜೆಯಲ್ಲಿ.

ನನ್ನ ಅಕ್ಕ ಮಲೆನಾಡಿನ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ಒಂದರಿಂದ ಐದರವರೆಗೆ ತರಗತಿಗಳು, ಇಬ್ಬರೇ ಶಿಕ್ಷಕರು. ಐದನೆಯ ತರಗತಿಯಲ್ಲಿ ಎಂಟು ಮಕ್ಕಳು. ಸುತ್ತಲಿನ ಶಾಲೆಗಳಿಗೆಲ್ಲ ಒಂದೇ ಪ್ರಶ್ನಪತ್ರಿಕೆ, ಒಂದೇ ವೇಳೆ, ಒಂದೇ ಮಾದರಿಯ ಉತ್ತರಸೂಚಿ. ಹೀಗೆ ಏರ್ಪಡಿಸಿದ್ದ ಪರೀಕ್ಷೆಯಲ್ಲಿ ಅದರ ಹಿಂದಿನ ವರ್ಷ ಅವಳ ಶಾಲೆಯ ಸರಾಸರಿ 71 ಬಂದಿತ್ತು, ಆ ವರ್ಷ 58ಕ್ಕೆ ಇಳಿಯಿತು. ಸಭೆಯೊಂದರಲ್ಲಿ ಎಲ್ಲರೆದುರಿಗೆ ಆ ಎರಡು ಸಂಖ್ಯೆಗಳನ್ನು ಓದಿ, "ಹದಿಮೂರು ಅಂಕ ಹೇಗೆ ಕುಸಿಯಿತು? ವರ್ಷವಿಡೀ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರಂತೆ. ಅವಳು ಉತ್ತರ ಹೇಳಲಾರದೆ ಕುಳಿತುಬಿಟ್ಟಳು. ಮನೆಗೆ ಬಂದವಳು ನನ್ನನ್ನು ಕೇಳಿದಳು: "ನೀನು ಅಳತೆಯ ಶಾಸ್ತ್ರ ಓದಿದವನಲ್ಲವೇನೋ? ನಾನು ಅದೇ ಪಾಠವನ್ನು ಅದೇ ರೀತಿ ಮಾಡಿದ್ದೇನೆ. ಈ ಹದಿಮೂರು ಅಂಕ ಎಲ್ಲಿಗೆ ಹೋಯಿತು, ನೀನೇ ಹೇಳು."

ಹದಿಮೂರು ಅಂಕ ಎಲ್ಲಿಗೂ ಹೋಗಿಲ್ಲವೆಂದು ಅಂದು ಅವಳಿಗೆ ಹೇಳಿದೆನು. ಹಾಗೆ ಹೇಳುವುದಕ್ಕೆ ಆಧಾರವೇನೆಂಬುದನ್ನು ವಾಚಕರ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ಒಂದು ತರಗತಿಯ ಮಕ್ಕಳೆಲ್ಲರೂ ಒಂದೇ ಅಂಕ ಪಡೆಯುವುದಿಲ್ಲ. ಒಬ್ಬನಿಗೆ 90, ಒಬ್ಬಳಿಗೆ 40. ಸರಾಸರಿಯ ಎರಡೂ ಕಡೆ ಅಂಕಗಳು ಹರಡಿಕೊಂಡಿರುತ್ತವೆ. ಈ ಹರವನ್ನು ಅಳೆಯುವ ಒಂದು ಮಾನಕ್ಕೆ ಮಾನಕ ವಿಚಲನೆ ಎಂದು ಹೆಸರು. ನನ್ನ ಅಕ್ಕನ ಹಾಜರಿ ಪುಸ್ತಕದ ಪಕ್ಕದಲ್ಲಿದ್ದ ಅಂಕಪಟ್ಟಿಯನ್ನು ನೋಡಿ ಲೆಕ್ಕ ಹಾಕಿದಾಗ ಅದು ಸುಮಾರು 18 ಅಂಕ ಬಂದಿತು. ಇನ್ನು, ಎಂಟು ಮಕ್ಕಳ ಸರಾಸರಿಯಲ್ಲಿ ಆಕಸ್ಮಿಕವಾಗಿ ಎಷ್ಟು ಏರಿಳಿತವನ್ನು ನಿರೀಕ್ಷಿಸಬೇಕು? ಮಾನಕ ವಿಚಲನೆಯನ್ನು ಮಕ್ಕಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು. ಎಂಟರ ವರ್ಗಮೂಲ 2.83, ಆದುದರಿಂದ ಉತ್ತರ 6.4 ಅಂಕ. ಒಂದು ವರ್ಷದ ಸರಾಸರಿಯಲ್ಲಿ ಇಷ್ಟು ಅನಿಶ್ಚಿತತೆಯಿದ್ದರೆ, ಎರಡು ವರ್ಷಗಳ ವ್ಯತ್ಯಾಸದಲ್ಲಿ ಅದು 1.41 ಪಟ್ಟು, ಎಂದರೆ 9 ಅಂಕ. ಶಾಲೆಯಲ್ಲಿ ಬೋಧನೆ ಒಂದು ಕೂದಲೆಳೆಯಷ್ಟೂ ಬದಲಾಗದಿದ್ದರೂ ಒಂದು ವರ್ಷದಿಂದ ಮುಂದಿನ ವರ್ಷಕ್ಕೆ ಸರಾಸರಿಯು 13 ಅಂಕದಷ್ಟೋ ಅದಕ್ಕಿಂತ ಹೆಚ್ಚಾಗಿಯೋ ಮೇಲಕ್ಕಾಗಲಿ ಕೆಳಕ್ಕಾಗಲಿ ಸರಿಯುವ ಸಂಭವ ಸುಮಾರು ಏಳರಲ್ಲಿ ಒಂದು. ಏಳು ವರ್ಷಕ್ಕೊಮ್ಮೆ ತಾನಾಗಿಯೇ ಆಗುವ ಸಂಗತಿಗೆ ಯಾರನ್ನು ಹೊಣೆ ಮಾಡುವುದು?

ಗಣಿತ ಬೇಡವೆನ್ನುವವರು ಹೀಗೆ ನೋಡಬಹುದು. ಆ ವರ್ಷ ಪರೀಕ್ಷೆಯ ದಿನ ಒಬ್ಬ ಹುಡುಗನಿಗೆ ಜ್ವರ. ಹಾಜರಾದನು, ಆದರೆ ತಲೆಯನ್ನು ಬೆಂಚಿನ ಮೇಲಿಟ್ಟು ಮಲಗಿದನು. ಆರೋಗ್ಯವಾಗಿದ್ದರೆ 72 ಅಂಕ ತೆಗೆಯಬಹುದಾಗಿದ್ದವನು ಸೊನ್ನೆ ತೆಗೆದರೆ, ಎಂಟು ಮಕ್ಕಳ ಶಾಲೆಯ ಸರಾಸರಿ ಅಷ್ಟರಿಂದಲೇ ಒಂಬತ್ತು ಅಂಕ ಇಳಿಯುತ್ತದೆ. ಇನ್ನೂರು ಮಕ್ಕಳ ಶಾಲೆಯಲ್ಲಿ ಅದೇ ಜ್ವರದಿಂದ ಅರ್ಧ ಅಂಕವೂ ಇಳಿಯುವುದಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಶಾಸ್ತ್ರದಲ್ಲಿ 'ದೋಷ'ವೆಂದರೆ ಯಾರೋ ಮಾಡಿದ ತಪ್ಪಲ್ಲ. ಅಳತೆಗೆ ಸಹಜವಾಗಿ ಅಂಟಿಕೊಂಡಿರುವ ಅನಿಶ್ಚಿತತೆ. ಸಭೆಗಳಲ್ಲಿ ಆ ಶಬ್ದಕ್ಕೆ ಬೇರೆ ಅರ್ಥ. ಅನೇಕ ಅನರ್ಥಗಳು ಈ ಎರಡು ಅರ್ಥಗಳ ನಡುವಿನ ಸಂದಿಯಲ್ಲಿ ಹುಟ್ಟುತ್ತವೆಂದು ನನಗೆ ಅನ್ನಿಸುವುದುಂಟು.

ವರ್ಗಮೂಲದ ಈ ನಿಯಮ ಹೊಸದೇನೂ ಅಲ್ಲ. ಫ್ರಾನ್ಸಿನಿಂದ ಮತೀಯ ಕಿರುಕುಳ ತಾಳಲಾರದೆ ಲಂಡನ್ನಿಗೆ ಬಂದು ನೆಲಸಿದ, ನ್ಯೂಟನ್ನನ ಸ್ನೇಹಿತನಾಗಿದ್ದ ಅಬ್ರಹಾಂ ದ ಮ್ವಾವ್ರ್ ಎಂಬ ಗಣಿತಜ್ಞನು 1730ರಲ್ಲಿ ಇದನ್ನು ಪ್ರಕಟಿಸಿದನು. ಅದು ತಿಳಿಯದಿದ್ದ ಕಾಲದಲ್ಲಿ ಏನಾಗುತ್ತಿತ್ತೆಂಬುದಕ್ಕೆ ಲಂಡನ್ನಿನ ಟಂಕಸಾಲೆಯ ಕತೆ ಸೊಗಸಾದ ನಿದರ್ಶನ. ಮಧ್ಯಯುಗದಿಂದಲೂ ಅಲ್ಲಿ ಅಚ್ಚಾದ ನಾಣ್ಯಗಳಲ್ಲಿ ಕೆಲವನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿಟ್ಟು, ಕಾಲಕಾಲಕ್ಕೆ ಎಲ್ಲವನ್ನೂ ಒಟ್ಟಿಗೆ ತೂಗಿ ಪರೀಕ್ಷಿಸುವ ರೂಢಿಯಿತ್ತು. ಒಂದು ನಾಣ್ಯಕ್ಕೆ ಇಷ್ಟು ತೂಕದ ವ್ಯತ್ಯಾಸ ಕ್ಷಮ್ಯವಾದರೆ ನೂರು ನಾಣ್ಯಕ್ಕೆ ಅದರ ನೂರರಷ್ಟು ಕ್ಷಮ್ಯವೆಂದು ಅವರು ಭಾವಿಸಿದ್ದರು. ನಿಜವಾಗಿ ಆಕಸ್ಮಿಕ ವ್ಯತ್ಯಾಸಗಳು ಒಂದನ್ನೊಂದು ಹೊಡೆದುಹಾಕುವುದರಿಂದ ಅದು ಹತ್ತರಷ್ಟು ಮಾತ್ರ ಇರತಕ್ಕದ್ದು. ಹೀಗಾಗಿ ಟಂಕಸಾಲೆಯ ಅಧಿಕಾರಿಗೆ ಮನಸ್ಸಿದ್ದರೆ ಹಗುರವಾದ ನಾಣ್ಯಗಳನ್ನು ಮುದ್ರಿಸಿ, ಉಳಿದ ಚಿನ್ನವನ್ನು ಕಿಸೆಗೆ ಹಾಕಿಕೊಂಡು, ಪರೀಕ್ಷೆಯಲ್ಲಿ ನಿರ್ದೋಷಿಯೆನಿಸಿಕೊಳ್ಳಲು ಅವಕಾಶವಿತ್ತು. ಅಲ್ಲಿ ದೊಡ್ಡ ಗುಂಪಿನ ಏರಿಳಿತವನ್ನು ಅತಿಯಾಗಿ ಅಂದಾಜು ಮಾಡಿದರು. ನಾವು ಇಂದು ಚಿಕ್ಕ ಗುಂಪಿನ ಏರಿಳಿತವನ್ನು ಅತ್ಯಲ್ಪವೆಂದು ಎಣಿಸುತ್ತಿದ್ದೇವೆ.

ಇದಕ್ಕೆ ಪ್ರತ್ಯಕ್ಷ ಪ್ರಮಾಣ ಬೇಕಾದರೆ ಅಮೆರಿಕದ ಕಡೆ ನೋಡಬೇಕು. ಏಕೆಂದರೆ ಪ್ರಾಥಮಿಕ ಶಾಲೆಗಳನ್ನು ಪರೀಕ್ಷೆಯ ಅಂಕಗಳಿಂದ ತೂಗುವ ಉತ್ಸಾಹ ಅಲ್ಲಿನಷ್ಟು ಬೇರೆಲ್ಲಿಯೂ ಬೆಳೆದಿಲ್ಲ. ಸಂಖ್ಯಾಶಾಸ್ತ್ರಜ್ಞ ಹೊವರ್ಡ್ ವೇನರ್ ಅವರು ಪೆನ್ಸಿಲ್ವೇನಿಯ ರಾಜ್ಯದ 1662 ಶಾಲೆಗಳ ಐದನೆಯ ತರಗತಿಯ ಅಂಕಗಳನ್ನು ಪರಿಶೀಲಿಸಿ 2007ರಲ್ಲಿ ಒಂದು ಲೇಖನ ಬರೆದರು. ಅತ್ಯುತ್ತಮವಾದ ಐವತ್ತು ಶಾಲೆಗಳಲ್ಲಿ ಆರು ಶಾಲೆಗಳು, ಆ ರಾಜ್ಯದ ಅತಿ ಚಿಕ್ಕ ಐವತ್ತು ಶಾಲೆಗಳ ಪೈಕಿಯವು. ಗಾತ್ರಕ್ಕೂ ಗುಣಕ್ಕೂ ಸಂಬಂಧವಿಲ್ಲದಿದ್ದರೆ ಅಲ್ಲಿ ಒಂದೋ ಎರಡೋ ಇರಬೇಕಾಗಿತ್ತು. ಇದನ್ನು ಕಂಡವನು "ಚಿಕ್ಕ ಶಾಲೆಯೇ ಉತ್ತಮ ಶಾಲೆ" ಎಂದು ಘೋಷಿಸಿಬಿಡುವುದು ಸಹಜ. ಆದರೆ ಪಟ್ಟಿಯನ್ನು ತಲೆಕೆಳಗು ಮಾಡಿ ನೋಡಿದರೆ ಅತ್ಯಂತ ಕೆಳಗಿನ ಐವತ್ತು ಶಾಲೆಗಳಲ್ಲಿ ಒಂಬತ್ತು ಇವೇ ಚಿಕ್ಕ ಶಾಲೆಗಳ ಗುಂಪಿನವು! ಚಿಕ್ಕ ಶಾಲೆ ಉತ್ತಮವೂ ಅಲ್ಲ, ಅಧಮವೂ ಅಲ್ಲ. ಅದರ ಸರಾಸರಿ ಹೆಚ್ಚು ತೂಗಾಡುತ್ತದೆ, ಅಷ್ಟೆ. ಗಾಳಿ ಬೀಸಿದಾಗ ದೊಡ್ಡ ದೋಣಿಗಿಂತ ಹರಿಗೋಲು ಹೆಚ್ಚು ಹೊಯ್ದಾಡುವುದಿಲ್ಲವೆ, ಹಾಗೆ. ಉತ್ತರ ಕ್ಯಾರೊಲಿನದ ಪ್ರಾಥಮಿಕ ಶಾಲೆಗಳನ್ನು ಕುರಿತು ಥಾಮಸ್ ಕೇನ್ ಮತ್ತು ಡಗ್ಲಾಸ್ ಸ್ಟೇಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಅತಿ ಹೆಚ್ಚು ಪ್ರಗತಿ ತೋರಿಸಿದುದಕ್ಕಾಗಿ ಬಹುಮಾನ ಪಡೆಯುವ ಶಾಲೆಗಳಲ್ಲಿ ಚಿಕ್ಕವುಗಳ ಪಾಲು ಅಧಿಕ. ಅತಿ ಹೆಚ್ಚು ಹಿಂದೆ ಬಿದ್ದವುಗಳಲ್ಲಿಯೂ ಹಾಗೆಯೇ.

ಇದರ ಒಂದು ವಿನೋದದ ಪರಿಣಾಮವನ್ನು ಇಲ್ಲಿಯೇ ಹೇಳಿಬಿಡುವೆನು. ಈ ವರ್ಷ ಅದೃಷ್ಟದಿಂದ ಮೇಲೇರಿದ ಶಾಲೆ ಮುಂದಿನ ವರ್ಷ ಬಹುಮಟ್ಟಿಗೆ ಕೆಳಗಿಳಿಯುತ್ತದೆ. ದುರದೃಷ್ಟದಿಂದ ಇಳಿದದ್ದು ಮೇಲೇರುತ್ತದೆ. ತಂದೆಮಕ್ಕಳ ಎತ್ತರಗಳನ್ನು ಅಳೆಯುತ್ತ ಗಾಲ್ಟನ್ 1886ರಲ್ಲಿ ವಿವರಿಸಿದ ನಿಯಮವಿದು. ಆದಕಾರಣ ಇಳಿದ ಶಾಲೆಯ ಶಿಕ್ಷಕರನ್ನು ಗದರಿಸಿದ ಅಧಿಕಾರಿಗೆ ಮರುವರ್ಷ ತಮ್ಮ ಗದರಿಕೆ ಫಲಿಸಿತೆಂದು ಸಮಾಧಾನ. ಏರಿದ ಶಾಲೆಗೆ ಶಾಲು ಹೊದಿಸಿದವರಿಗೆ ಮರುವರ್ಷ ತಾವು ಹೊಗಳಿ ಕೆಡಿಸಿದೆವೆಂದು ಪಶ್ಚಾತ್ತಾಪ. ಎರಡೂ ಕಡೆ ಕೆಲಸ ಮಾಡಿದ್ದು ಗಾಲ್ಟನ್ನನ ನಿಯಮ ಮಾತ್ರ.

ಈ ಲೆಕ್ಕವನ್ನು ನಮ್ಮ ಕಾಲೇಜಿನಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಚೆನ್ನಾದ ಆಕ್ಷೇಪವೊಂದನ್ನು ಎತ್ತಿದಳು. "ಸರ್, ಒಂದು ಮೂಟೆ ಅಕ್ಕಿಯಿಂದ ಒಂದು ಹಿಡಿ ತೆಗೆದು ನೋಡಿದರೆ ಅದು ಮಾದರಿ; ಅದರಲ್ಲಿ ಅನಿಶ್ಚಿತತೆ ಇರಬಹುದು. ಇಲ್ಲಿ ಶಾಲೆಯ ಎಂಟು ಮಕ್ಕಳನ್ನೂ ಪರೀಕ್ಷಿಸಿದ್ದಾರೆ. ಎಲ್ಲರನ್ನೂ ಅಳೆದ ಮೇಲೆ ಅನಿಶ್ಚಿತತೆ ಎಲ್ಲಿಂದ ಬರುತ್ತದೆ?" ಎಂದಳು. ಈ ಎಂಟು ಮಕ್ಕಳಿಗೆ ಅಂದು ಎಷ್ಟು ಅಂಕ ಬಂದಿತೆಂಬುದಷ್ಟೇ ಪ್ರಶ್ನೆಯಾಗಿದ್ದರೆ ಅವಳ ಮಾತು ಸರಿ. ಆದರೆ ಸಭೆಯಲ್ಲಿ ಕೇಳಿದ ಪ್ರಶ್ನೆ ಅದಲ್ಲ. ಶಾಲೆಯ ಬೋಧನೆ ಹೇಗಿದೆಯೆಂಬುದು. ಬೋಧನೆಯನ್ನು ನಾವು ಕಣ್ಣಿಂದ ಕಾಣುವುದಿಲ್ಲ. ಆ ವರ್ಷ ಆ ಹಳ್ಳಿಯಲ್ಲಿ ಐದನೆಯ ತರಗತಿಯ ವಯಸ್ಸಿಗೆ ಬಂದ ಮಕ್ಕಳ ಮೂಲಕ ಕಾಣುತ್ತೇವೆ. ಯಾವ ವರ್ಷ ಯಾವ ಮನೆಯಲ್ಲಿ ಯಾವ ಮಗು ಹುಟ್ಟಿತು, ಯಾವ ಕುಟುಂಬ ಕಾಫಿ ತೋಟದ ಕೆಲಸಕ್ಕೆಂದು ಊರು ಬಿಟ್ಟುಹೋಯಿತು, ಇವೆಲ್ಲ ಶಾಲೆಯ ಕೈಯಲ್ಲಿಲ್ಲದ ಚೀಟಿಯೆತ್ತುವಿಕೆ. ಎಂಟು ಮಕ್ಕಳೂ ಒಂದು ಹಿಡಿ ಅಕ್ಕಿಯೇ. ಮೂಟೆ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇಷ್ಟರವರೆಗೆ ಹೇಳಿದ್ದು ಯಾದೃಚ್ಛಿಕ ದೋಷದ ಮಾತು. ಪ್ರಯೋಗಶಾಲೆಯಲ್ಲಿ ಇನ್ನೊಂದು ಬಗೆಯ ದೋಷವನ್ನೂ ಬಲ್ಲೆವು. ಸ್ಕ್ರೂ ಗೇಜಿನ ದವಡೆಗಳು ಮುಚ್ಚಿಕೊಂಡಾಗಲೂ ಮುಳ್ಳು ಸೊನ್ನೆಯ ಬದಲು 0.05 ತೋರಿಸುತ್ತಿದ್ದರೆ, ಎಷ್ಟು ಸಲ ಅಳೆದರೂ ಉತ್ತರ ಅಷ್ಟರಮಟ್ಟಿಗೆ ತಪ್ಪುತ್ತದೆ. ಸರಾಸರಿ ತೆಗೆದರೆ ಇದು ಹೋಗುವುದಿಲ್ಲ. ಶಾಲೆಯ ಅಂಕದಲ್ಲಿ ಈ ಶೂನ್ಯದೋಷವಾಗಿ ಕುಳಿತಿರುವುದು ಮನೆ. ಅಮೆರಿಕದಲ್ಲಿ ಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ 1966ರಲ್ಲಿ ಒಂದು ವರದಿ ಕೊಟ್ಟರು. ಮಕ್ಕಳ ಅಂಕಗಳ ವ್ಯತ್ಯಾಸಕ್ಕೆ ಶಾಲೆಶಾಲೆಗಳ ನಡುವಿನ ಭೇದಕ್ಕಿಂತ ಮನೆಯ ಪರಿಸ್ಥಿತಿಯೇ ಹೆಚ್ಚು ಕಾರಣವೆಂದು ಅದರಿಂದ ಕಂಡುಬಂದಿತು. ಆ ವರದಿಯ ಗಣಿತವನ್ನು ಕುರಿತು ಮುಂದೆ ಬಹಳ ಚರ್ಚೆ ನಡೆಯಿತು; ಶಾಲೆಯಿಂದ ಪ್ರಯೋಜನವಿಲ್ಲವೆಂದು ಅದರಿಂದ ತೀರ್ಮಾನಿಸುವುದು ಖಂಡಿತ ತಪ್ಪು. ಆದರೆ ಓದು ಬರೆಹ ಬಲ್ಲ ತಾಯಿತಂದೆಗಳ ಮಕ್ಕಳು ತುಂಬಿದ ಶಾಲೆಯನ್ನೂ, ಬೆಳಗಾದರೆ ಕೂಲಿಗೆ ಹೋಗುವವರ ಮಕ್ಕಳು ತುಂಬಿದ ಶಾಲೆಯನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆಯುವವರು ಮುಳ್ಳು ಎಲ್ಲಿಂದ ಹೊರಟಿತೆಂದು ನೋಡಿರುವುದಿಲ್ಲ.

ಮೂರನೆಯದೊಂದು ಉಂಟು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಇದೇ. ಒಂದು ಸಣ್ಣ ಲೋಟದಲ್ಲಿ ಒಂದು ಗುಟುಕು ಬಿಸಿನೀರನ್ನು ತೆಗೆದುಕೊಂಡು ದಪ್ಪನೆಯ ತಣ್ಣಗಿನ ಉಷ್ಣಮಾಪಕವನ್ನು ಅದರಲ್ಲಿ ಅದ್ದಿದರೆ, ಮಾಪಕವೇ ನೀರಿನ ಶಾಖವನ್ನು ಹೀರಿ ನೀರನ್ನು ತಣಿಸಿಬಿಡುತ್ತದೆ. ಆಗ ಅದು ತೋರಿಸುವುದು ನೀರಿನ ಮೊದಲಿನ ಉಷ್ಣತೆಯನ್ನಲ್ಲ. ತಾನು ಕೆಡಿಸಿದ ನೀರಿನ ಉಷ್ಣತೆಯನ್ನು. ಪರೀಕ್ಷೆಗೆ ಬಹುಮಾನ ಶಿಕ್ಷೆಗಳನ್ನು ಕಟ್ಟಿದಷ್ಟೂ ಮಾಪಕ ದಪ್ಪವಾಗುತ್ತ ಹೋಗುತ್ತದೆ. ಒಂದು ಸಂಖ್ಯೆಯ ಮೇಲೆ ಹೆಚ್ಚು ಹೆಚ್ಚು ನಿರ್ಧಾರಗಳು ನಿಂತಂತೆಲ್ಲ ಆ ಸಂಖ್ಯೆಯೂ ಕೆಡುತ್ತದೆ, ಅದು ಅಳೆಯಬೇಕಾಗಿದ್ದ ಕೆಲಸವೂ ಕೆಡುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಕ್ಯಾಂಬೆಲ್ 1970ರ ದಶಕದಲ್ಲಿ ಎಚ್ಚರಿಸಿದ್ದರು.

ಎಚ್ಚರಿಕೆ ಅದಕ್ಕೂ ಹಳೆಯದು. ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿಯ ಕಾಲದಲ್ಲಿ ಪ್ರಾಥಮಿಕ ಶಾಲೆಗಳಿಗೆ 'ಫಲಾನುಸಾರ ಧನಸಹಾಯ'ದ ಪದ್ಧತಿ ಬಂದಿತು. ಕ್ರಮವಾಗಿ ಹಾಜರಾದ ಮಗುವಿಗೆ ಎಂಟು ಷಿಲ್ಲಿಂಗು. ಇನ್ಸ್‌ಪೆಕ್ಟರರು ಬಂದು ಪರೀಕ್ಷಿಸಿದಾಗ ಓದು, ಬರೆಹ, ಲೆಕ್ಕ ಈ ಮೂರರಲ್ಲಿ ಒಂದೊಂದು ತಪ್ಪಿದಾಗಲೂ ಎರಡು ಷಿಲ್ಲಿಂಗು ಎಂಟು ಪೆನ್ಸು ಕಡಿತ. ಮೂರರಲ್ಲಿಯೂ ತಪ್ಪಿದರೆ ಸೊನ್ನೆ. ಲೆಕ್ಕವೇನೋ ಅಚ್ಚುಕಟ್ಟು. ಆದರೆ ಮಕ್ಕಳು ಓದಿನ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿ ಒಪ್ಪಿಸತೊಡಗಿದರು. ಭೂಗೋಳ ಚರಿತ್ರೆಗಳು ಹಿಂದೆ ಸರಿದವು. ಸ್ವತಃ ಶಾಲಾ ಇನ್ಸ್‌ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡರು ಇದು ಬೋಧನೆಯನ್ನು ಯಂತ್ರವನ್ನಾಗಿಸಿತೆಂದು ಖಂಡಿಸಿದರು. ಆ ಪದ್ಧತಿಯನ್ನು ಕಿತ್ತುಹಾಕಲು ಆ ಶತಮಾನದ ಕೊನೆಯ ದಶಕ ಬರಬೇಕಾಯಿತು. ಇದರದೇ ಒಂದು ಕವಲು ಮದ್ರಾಸು ಪ್ರಾಂತಕ್ಕೂ ಬಂದಿತ್ತು.

ಇದೆಲ್ಲ ತಿಳಿದಿದ್ದೂ ಅಮೆರಿಕ 2002ರ ಜನವರಿಯಲ್ಲಿ 'ಯಾವ ಮಗುವೂ ಹಿಂದುಳಿಯಬಾರದು' ಎಂಬ ಹೆಸರಿನ ಕಾನೂನನ್ನು ಜಾರಿಗೆ ತಂದಿತು. ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿವರ್ಷವೂ ಓದು ಮತ್ತು ಗಣಿತದಲ್ಲಿ ಪರೀಕ್ಷೆ. 2014ರೊಳಗಾಗಿ ದೇಶದ ಎಲ್ಲ ಮಕ್ಕಳೂ ನಿಗದಿಯಾದ ಮಟ್ಟವನ್ನು ಮುಟ್ಟಬೇಕು. ಗುರಿ ತಪ್ಪಿದ ಶಾಲೆಗಳ ಮೇಲೆ ಕ್ರಮ. ನೂರಕ್ಕೆ ನೂರು ಎಂಬ ಗುರಿಯನ್ನು ಬರೆದವರು ಪ್ರಕೃತಿಯಲ್ಲಿ ಏರಿಳಿತವೆಂಬುದೊಂದಿದೆಯೆಂದು ಮರೆತಿದ್ದರೆಂದೇ ನನ್ನ ಅಭಿಪ್ರಾಯ. 2015ರಲ್ಲಿ ಆ ಕಾನೂನಿನ ಸ್ಥಾನದಲ್ಲಿ ಬೇರೊಂದು ಬಂದಿತು. ವಾರ್ಷಿಕ ಪರೀಕ್ಷೆ ಉಳಿಯಿತು, ಕ್ರಮ ಕೈಕೊಳ್ಳುವ ಹೊಣೆ ಬಹುಮಟ್ಟಿಗೆ ರಾಜ್ಯಗಳಿಗೆ ಹೋಯಿತು.

ಈ ನಡುವೆ ಅಟ್ಲಾಂಟಾ ನಗರದಲ್ಲಿ ನಡೆದದ್ದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಅಲ್ಲಿಯ ಬಡ ಮಕ್ಕಳ ಶಾಲೆಗಳಲ್ಲಿ ಅಂಕಗಳು ವರ್ಷೇ ವರ್ಷೇ ಏರುತ್ತ ಹೋದವು. ನಗರದ ಶಾಲೆಗಳ ಮುಖ್ಯಾಧಿಕಾರಿಣಿ ಬೆವರ್ಲಿ ಹಾಲ್ ಅವರಿಗೆ 2009ರಲ್ಲಿ ಆ ವರ್ಷದ ದೇಶದ ಶ್ರೇಷ್ಠ ಅಧಿಕಾರಿಯೆಂಬ ಬಿರುದು ಬಂದಿತು. ಸ್ಥಳೀಯ ಪತ್ರಿಕೆಯೊಂದು ಮಾತ್ರ ಅಂಕಗಳ ಏರಿಕೆ ನಂಬಲಾಗದಷ್ಟು ಕಡಿದಾಗಿದೆಯೆಂದು ಸಂಶಯಪಟ್ಟಿತು. ಅನಂತರ ರಾಜ್ಯದವರು ಉತ್ತರ ಹಾಳೆಗಳನ್ನು ಯಂತ್ರದಲ್ಲಿ ಹಾಯಿಸಿ, ಅಳಿಸಿದ ಗುರುತುಗಳನ್ನು ಎಣಿಸಿದರು. ಸೀಸದಕಡ್ಡಿಯಲ್ಲಿ ತುಂಬಿದ ಗುಂಡುಗಳನ್ನು ಅಳಿಸಿದರೆ ಮಸುಕಾದ ಛಾಯೆ ಉಳಿಯುತ್ತದಷ್ಟೆ. ಮಕ್ಕಳು ಉತ್ತರ ತಿದ್ದುವುದು ಸಹಜ. ಆದರೆ ತಪ್ಪನ್ನು ಅಳಿಸಿ ಸರಿಯನ್ನು ತುಂಬಿದ ತಿದ್ದುಪಡಿಗಳು ಒಂದು ತರಗತಿಯಲ್ಲಿ ರಾಜ್ಯದ ಸರಾಸರಿಗಿಂತ ಮೂರು ಮಾನಕ ವಿಚಲನೆಗಳಿಗೂ ಮೇಲಿದ್ದರೆ ಅದನ್ನು ಗುರುತು ಮಾಡಿಟ್ಟರು. ಆಕಸ್ಮಿಕವಾಗಿ ಹಾಗಾಗುವ ಸಂಭವ ಸುಮಾರು 740ರಲ್ಲಿ ಒಂದು. ಅಂಥ ತರಗತಿ ಒಂದಲ್ಲ, ಕೆಲವು ಶಾಲೆಗಳಲ್ಲಿ ಸಾಲುಸಾಲಾಗಿ ದೊರೆತವು. 2011ರ ಜುಲೈಯಲ್ಲಿ ಹೊರಬಂದ ವಿಚಾರಣಾ ವರದಿಯ ಪ್ರಕಾರ, ಪರಿಶೀಲಿಸಿದ 56 ಶಾಲೆಗಳಲ್ಲಿ 44ರಲ್ಲಿ ಮೋಸ ನಡೆದಿತ್ತು. 178 ಮಂದಿ ಶಿಕ್ಷಕರೂ ಮುಖ್ಯೋಪಾಧ್ಯಾಯರೂ ಅದರಲ್ಲಿ ಸಿಕ್ಕಿಕೊಂಡಿದ್ದರು. 82 ಮಂದಿ ಒಪ್ಪಿಕೊಂಡರು. ಮಕ್ಕಳು ಮನೆಗೆ ಹೋದ ಮೇಲೆ ದೊಡ್ಡವರು ಕುಳಿತು ಉತ್ತರಗಳನ್ನು ತಿದ್ದುತ್ತಿದ್ದರು. 2015ರ ಏಪ್ರಿಲ್‌ನಲ್ಲಿ ಹನ್ನೊಂದು ಮಂದಿಗೆ ಅಪರಾಧ ಸಾಬೀತಾಯಿತು. ಅದೂ ಸಂಘಟಿತ ಅಪರಾಧಿಗಳನ್ನು ಹಿಡಿಯಲೆಂದು ಮಾಡಿದ ಕಾನೂನಿನ ಕೆಳಗೆ.

ಆ ಶಿಕ್ಷಕರು ಮಾಡಿದ್ದು ತಪ್ಪು; ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಕಾಡುವುದು ಆ ಮಕ್ಕಳ ಗತಿ. ಓದಲು ಬಾರದ ಮಗುವಿನ ಹಾಳೆಯನ್ನು ತಿದ್ದಿ "ಇದಕ್ಕೆ ಓದಲು ಬರುತ್ತದೆ" ಎಂದು ಬರೆದರೆ, ಅದಕ್ಕೆ ದೊರೆಯಬೇಕಾಗಿದ್ದ ವಿಶೇಷ ಪಾಠ ತಪ್ಪಿಹೋಗುತ್ತದೆ. ಜ್ವರವಿದೆಯೆಂದು ತಿಳಿಯುವುದಕ್ಕಾಗಿಯೇ ಇಟ್ಟ ಮಾಪಕವನ್ನು ತಣ್ಣೀರಿನಲ್ಲಿ ಅದ್ದಿ ತೋರಿಸಿದಂತಾಯಿತು. ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ಸಿಮೊನ್ ಎಂಬವರ ಜೊತೆಗೂಡಿ ಮಕ್ಕಳಿಗಾಗಿ ಪ್ರಮಾಣಬದ್ಧವಾದ ಪರೀಕ್ಷೆಗಳನ್ನು ರಚಿಸಿದ್ದು, ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂದು ಕಂಡುಹಿಡಿಯುವುದಕ್ಕೆ. ಯಾವ ಉಪಾಧ್ಯಾಯನನ್ನು ನಿಲ್ಲಿಸಿ ಕೇಳಬೇಕೆಂದು ಕಂಡುಹಿಡಿಯುವುದಕ್ಕಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಒಂದು ಪ್ರಬಲವಾದ ಸಾಕ್ಷ್ಯವನ್ನು ಮುಚ್ಚಿಡುವುದು ನ್ಯಾಯವಲ್ಲ. ನೆರೆಯ ಆಂಧ್ರಪ್ರದೇಶದ ಗ್ರಾಮೀಣ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ 2005ರಿಂದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ನಡೆಸಿದರು. ಚೀಟಿಯೆತ್ತಿ ಆರಿಸಿದ ಶಾಲೆಗಳಲ್ಲಿ, ಮಕ್ಕಳ ಅಂಕಗಳು ಹೆಚ್ಚಿದಂತೆ ಶಿಕ್ಷಕರಿಗೆ ಸ್ವಲ್ಪ ಹಣವನ್ನು ಬಹುಮಾನವಾಗಿ ಕೊಟ್ಟರು. ಹೋಲಿಕೆಗಾಗಿ ನೂರು ಶಾಲೆಗಳನ್ನು ಹಾಗೆಯೇ ಬಿಟ್ಟರು. ಎರಡು ವರ್ಷಗಳ ತರುವಾಯ ಬಹುಮಾನದ ಶಾಲೆಗಳ ಮಕ್ಕಳು ಗಣಿತದಲ್ಲಿ 0.27, ಭಾಷೆಯಲ್ಲಿ 0.17 ಮಾನಕ ವಿಚಲನೆಯಷ್ಟು ಮುಂದಿದ್ದರು. ಬಹುಮಾನಕ್ಕೆ ಸೇರದಿದ್ದ ವಿಜ್ಞಾನ ಮತ್ತು ಸಮಾಜಪಾಠಗಳಲ್ಲಿಯೂ ಮುಂದಿದ್ದರು. ಎಂದರೆ ಬರಿಯ ಬಾಯಿಪಾಠದ ಫಲವಾಗಿರಲಾರದು. ಈ ಫಲಿತಾಂಶವನ್ನು ನಾನು ಒಪ್ಪುತ್ತೇನೆ, ಮತ್ತು ಅದು ನನ್ನನ್ನು ಸ್ವಲ್ಪ ಇಕ್ಕಟ್ಟಿಗೂ ಸಿಲುಕಿಸುತ್ತದೆ. ಆದರೆ ಗಮನಿಸತಕ್ಕದ್ದು ಏನೆಂದರೆ, ಅಲ್ಲಿ ಪರೀಕ್ಷೆ ನಡೆಸಿದವರು ಶಾಲೆಯವರಲ್ಲ, ಹೊರಗಿನವರು. ಯಾರಿಗೂ ದಂಡನೆಯಿರಲಿಲ್ಲ. ಮುಖ್ಯವಾಗಿ, ತೀರ್ಮಾನ ಮಾಡಿದ್ದು ನೂರಾರು ಶಾಲೆಗಳ ಸರಾಸರಿಯನ್ನು ಒಟ್ಟುಗೂಡಿಸಿ. ನೂರು ಶಾಲೆಗಳನ್ನು ಒಟ್ಟಾಗಿ ಅಳೆಯಬಹುದು. ಅದರಿಂದ ಯಾವುದೋ ಒಂದು ಹಳ್ಳಿಯ ಒಂದು ಶಾಲೆಯನ್ನು ಅಳೆದಂತಾಗುವುದಿಲ್ಲ.

ನಮ್ಮ ರಾಜ್ಯದಲ್ಲಿಯೂ ಈ ಚರ್ಚೆ ಈಚೆಗೆ ಬಿರುಸಾಗಿ ನಡೆದದ್ದು ಎಲ್ಲರಿಗೂ ತಿಳಿದದ್ದೇ. 2023ರ ಮಾರ್ಚ್‌ನಲ್ಲಿ ಐದು ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಕ್ಕೆಲ್ಲ ಒಂದೇ ಮೌಲ್ಯಾಂಕನ ನಡೆಯಿತು. ಮರುವರ್ಷವೂ ಮಂಡಳಿಯ ಪರೀಕ್ಷೆಗಳು ನಡೆದು, ವಿವಾದ ನ್ಯಾಯಾಲಯಗಳನ್ನು ಹತ್ತಿ, 2024ರ ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯವು ಫಲಿತಾಂಶಗಳನ್ನು ತಡೆಹಿಡಿಯಿತು. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವೂ ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗಿಲ್ಲವೆಂದು 2009ರ ಶಿಕ್ಷಣ ಹಕ್ಕಿನ ಕಾನೂನು ಹೇಳುತ್ತದೆಯೆಂಬುದು ಆಕ್ಷೇಪಿಸಿದವರ ವಾದ. ಕಾನೂನಿನ ವಿಚಾರ ನನ್ನ ಕ್ಷೇತ್ರವಲ್ಲ. ಅಳತೆಯ ದೃಷ್ಟಿಯಿಂದ ಮಾತ್ರ ಹೇಳುವೆನು. ರಾಜ್ಯದ ಅಥವಾ ಜಿಲ್ಲೆಯ ಮಕ್ಕಳು ಎಷ್ಟು ಕಲಿತಿದ್ದಾರೆಂದು ತಿಳಿಯಬೇಕಾದರೆ ಎಲ್ಲ ಮಕ್ಕಳನ್ನೂ ಪರೀಕ್ಷೆಗೆ ಕೂರಿಸುವ ಅಗತ್ಯವೇ ಇಲ್ಲ. 2024ರ ಡಿಸೆಂಬರ್ 4ರಂದು ದೇಶದಾದ್ಯಂತ ಮೂರು, ಆರು, ಒಂಬತ್ತನೆಯ ತರಗತಿಗಳಲ್ಲಿ ನಡೆದ 'ಪರಖ್' ಸರ್ವೇಕ್ಷಣೆ ಇಂಥ ಮಾದರಿ ಪರೀಕ್ಷೆಯೇ. ಅಮೆರಿಕದಲ್ಲಿಯೂ 1969ರಿಂದ ನಡೆದುಬಂದಿರುವ ರಾಷ್ಟ್ರೀಯ ಸರ್ವೇಕ್ಷಣೆಯೊಂದಿದೆ. ಆಯ್ದ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಪ್ರಶ್ನೆಗಳ ಒಂದು ಭಾಗವನ್ನು ಮಾತ್ರ ಕೊಡುತ್ತಾರೆ; ಯಾವ ಮಗುವಿನ, ಯಾವ ಶಾಲೆಯ ಅಂಕವನ್ನೂ ಪ್ರಕಟಿಸುವುದಿಲ್ಲ. ಹೆದರಿಕೆಯಿಲ್ಲದಿರುವುದರಿಂದ ತಿದ್ದುವವರೂ ಇಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆಯ ಪ್ರತಿ ಅಗುಳನ್ನೂ ಹಿಸುಕುವವರುಂಟೆ?

ಇನ್ನು ಶಾಲೆಶಾಲೆಗೂ ಸರಾಸರಿಯನ್ನು ತೆಗೆಯಲೇಬೇಕೆನ್ನುವವರಿಗೆ ನನ್ನ ಕೋರಿಕೆ ಕಷ್ಟದ್ದೇನಲ್ಲ. ಆ ಸಂಖ್ಯೆಯ ಪಕ್ಕದಲ್ಲಿ ಅದರ ಅನಿಶ್ಚಿತತೆಯನ್ನೂ ಬರೆಯಲಿ. ಮೂರು ವರ್ಷಗಳ ಮಕ್ಕಳನ್ನು ಒಟ್ಟು ಸೇರಿಸಿ ನೋಡಲಿ. ಎಂಟು ಮಕ್ಕಳು ಇಪ್ಪತ್ತನಾಲ್ಕಾದರೆ ಅನಿಶ್ಚಿತತೆ 6.4ರಿಂದ 3.7ಕ್ಕೆ ಇಳಿಯುತ್ತದೆ. ಯಾವ ಪ್ರಶ್ನೆಯಲ್ಲಿ ಮಕ್ಕಳು ಎಡವಿದರೆಂಬುದನ್ನು ಉಪಾಧ್ಯಾಯರಿಗೆ ಬೇಗ ತಿಳಿಸಲಿ. ಭಿನ್ನರಾಶಿಯ ಲೆಕ್ಕ ಬಂದಿಲ್ಲವೆಂದು ತಿಳಿದರೆ ಅವರು ನಾಳೆಯೇ ಅದನ್ನು ಮತ್ತೆ ಹೇಳಿಕೊಡಬಲ್ಲರು, 58 ಎಂಬ ಸಂಖ್ಯೆಯನ್ನು ಇಟ್ಟುಕೊಂಡು ಏನನ್ನೂ ಮಾಡಲಾರರು. ಶಾಲೆಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುವ ಪಟ್ಟಿಯನ್ನಂತೂ ಕೈಬಿಡಲಿ. ಒಂದೇ ಶಾಲೆಯ ಅಂಕ ಕುದುರೆಯಂತೆ ಏಳುತ್ತ ಬೀಳುತ್ತ ಇರುವಾಗ ಹನ್ನೆರಡನೆಯ ಸ್ಥಾನಕ್ಕೂ ಮೂವತ್ತನೆಯ ಸ್ಥಾನಕ್ಕೂ ಅಂತರ ಹೇಳುವುದಕ್ಕೆ ನಮ್ಮಲ್ಲಿ ತಕ್ಕಡಿಯೇ ಇಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ಅನೇಕರು ಇಂಥ ಚಿಕ್ಕ ಶಾಲೆಗಳಿಂದಲೇ ಬಂದವರು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಹಳೆಯ ಶಾಲೆಯ ಐದಾರು ವರ್ಷಗಳ ಸರಾಸರಿಗಳನ್ನು ಉಪಾಧ್ಯಾಯರಿಂದ ಕೇಳಿ ಪಡೆದು, ಚೌಕುಳಿ ಹಾಳೆಯ ಮೇಲೆ ಗುರುತಿಸಿರಿ. ಪ್ರತಿಯೊಂದು ಚುಕ್ಕೆಯ ಮೇಲೂ ಕೆಳಗೂ ವರ್ಗಮೂಲದ ನಿಯಮದಂತೆ ಒಂದೊಂದು ಗೆರೆ ಎಳೆಯಿರಿ. ಆಮೇಲೆ ಆ ಏರಿಳಿತಕ್ಕೆ ಕಾರಣ ಹುಡುಕಬೇಕೇ ಬೇಡವೇ ಎಂದು ನೀವೇ ನೋಡಿರಿ. ನನ್ನ ಅಕ್ಕನಿಗೆ ಅಂಥದೊಂದು ಹಾಳೆಯನ್ನು ಬರೆದುಕೊಟ್ಟೆನು. ಅವಳು ಅದನ್ನು ನಾಲ್ಕಾಗಿ ಮಡಚಿ ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಿದ್ದಾಳೆ. ಸಭೆಯಲ್ಲಿ ತೋರಿಸುವ ಧೈರ್ಯ ಇನ್ನೂ ಬಂದಿಲ್ಲವಂತೆ. ಈ ವರ್ಷ ಅವಳ ಐದನೆಯ ತರಗತಿಯಲ್ಲಿ ಇರುವವರು ಆರು ಮಂದಿ. ಹೆಚ್ಚು-ಕಡಮೆ 7.3 ಅಂಕ ಎಂದು ಹಾಳೆಯ ಕೆಳಗೆ ಸೇರಿಸಿದ್ದೇನೆ.